ಬೆಳಕು ಬಿದ್ದರೆ ಓಡುವ ಕಣ

ಕಾರಟಗಿಯ ಅಕ್ಕಿ ಗಿರಣಿಯೊಳಗೆ ತಗಡಿನ ಸಂದಿಯಿಂದ ಬಿಸಿಲಕೋಲು ಇಳಿದಾಗ ತೌಡಿನ ಧೂಳು ಕುಣಿಯುವುದು ಕಾಣುತ್ತದೆ. ಬೆಳಕೇ ಧೂಳನ್ನು ಕುಣಿಸುತ್ತದೆಂದು ಮಕ್ಕಳು ತಿಳಿಯುವುದುಂಟು. ಕುಣಿಸುವುದು ಗಾಳಿ, ಬೆಳಕು ತೋರಿಸುತ್ತದೆ ಅಷ್ಟೆ. ಆದರೆ ಬೆಳಕು ಬಿದ್ದೊಡನೆ ನಿಜವಾಗಿಯೂ ಓಡತೊಡಗುವ ಕಣಗಳನ್ನು ವಿಜ್ಞಾನಿಗಳು ತಯಾರಿಸಿದ್ದಾರೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೆರೆಮಿ ಪಲಾಚಿ, ಪಾಲ್ ಚೈಕಿನ್ ಮತ್ತು ಸಂಗಡಿಗರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಂಥ ಕಣಗಳನ್ನು ವಿವರಿಸಿದರು. ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಗಾತ್ರದ ಪಾಲಿಮರ್ ಗುಂಡು. ಅದರ ಒಂದೇ ಬದಿಯಲ್ಲಿ ಹೊರಚಾಚಿದ ಹೆಮಟೈಟ್ ತುಣುಕು. ಹೆಮಟೈಟ್ ಎಂದರೆ ಹೊಳೆಯಾಚೆ ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಕಬ್ಬಿಣದ ಅದಿರೇ! ಪ್ರಯೋಗಾಲಯದಲ್ಲಿ ಅದನ್ನು ಶುದ್ಧರೂಪದಲ್ಲಿ ತಯಾರಿಸುತ್ತಾರೆ.

ಈ ಕಣಗಳನ್ನು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿಗೆ ಹಾಕಿ ನೀಲಿ ಬೆಳಕು ಬಿಟ್ಟರೆ, ಹೆಮಟೈಟ್ ತನ್ನ ಸುತ್ತಲಿನ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಬದಿಯಲ್ಲಿ ದ್ರಾವಣದ ಸಾಂದ್ರತೆ ಬೇರೆ, ಈ ಬದಿಯಲ್ಲಿ ಬೇರೆ. ಈ ವ್ಯತ್ಯಾಸದಿಂದ ಗಾಜಿನ ತಳದಗುಂಟ ಸಣ್ಣ ಹರಿವು ಹುಟ್ಟಿ ಕಣ ಚಲಿಸುತ್ತದೆ. ಹೆಮಟೈಟ್ ಸುತ್ತಲೂ ಸಮನಾಗಿ ಇದ್ದಿದ್ದರೆ ಯಾವ ಕಡೆಗೂ ಹೋಗುತ್ತಿರಲಿಲ್ಲ. ಅಂದರೆ ಬೆಳಕು ಕಣವನ್ನು ನೂಕುವುದಿಲ್ಲ. ನಲ್ಲಿಯ ತಿರುಪಿನಂತೆ ಕ್ರಿಯೆಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಇಂಧನ ನೀರಿನಲ್ಲಿದೆ.

ಬೆಳಕು ಆರಿಸಿದರೆ? ಬ್ರೇಕ್ ಹಾಕಿದ ಬಸ್ಸಿನಂತೆ ಕಣ ಸ್ವಲ್ಪ ದೂರ ಜಾರಬೇಕಲ್ಲವೆ? ಇಲ್ಲ. ಅಷ್ಟು ಸಣ್ಣ ವಸ್ತುವಿಗೆ ನೀರು ಬೆಲ್ಲದ ಪಾಕದಂತೆ. ಜಡತ್ವದ ಆಟ ಅಲ್ಲಿ ನಡೆಯದು. ಓಟ ಅಲ್ಲಿಗೇ ನಿಲ್ಲುತ್ತದೆ. 1827ರಲ್ಲಿ ರಾಬರ್ಟ್ ಬ್ರೌನ್ ಗಮನಿಸಿದ ಗೊತ್ತುಗುರಿಯಿಲ್ಲದ ನಡುಕ ಮಾತ್ರ ಉಳಿಯುತ್ತದೆ.

ಹೆಚ್ಚು ಸ್ವಾರಸ್ಯವಿರುವುದು ಗುಂಪಿನಲ್ಲಿ. ಓಡುವ ಕಣಗಳು ಒಂದನ್ನೊಂದು ಸೇರಿ ಹರಳಿನಂತೆ ಸಾಲುಗಟ್ಟುತ್ತವೆ, ಒಡೆಯುತ್ತವೆ, ಮತ್ತೆ ಕೂಡುತ್ತವೆ. ಬೆಳಕು ಆರಿದರೆ ಹರಳು ಕರಗಿ ಚದುರುತ್ತದೆ. ಹಕ್ಕಿಗಳ ಹಿಂಡು, ಬ್ಯಾಕ್ಟೀರಿಯಾದ ಗುಂಪುಗಳನ್ನು ಅರಿಯಲು ಇದೊಂದು ಸರಳ ಮಾದರಿ.

ಇಂಥ ಕಣಗಳು ನಾಳೆಯೇ ರಕ್ತದಲ್ಲಿ ಈಜಿ ಔಷಧ ಮುಟ್ಟಿಸುತ್ತವೆ ಎಂದು ಬರೆಯುವವರದು ಆತುರ. ಪೆರಾಕ್ಸೈಡ್ ಜೀವಕೋಶಗಳಿಗೆ ವಿಷ. ನೀಲಿ ಬೆಳಕು ಚರ್ಮದಾಚೆ ಹೆಚ್ಚು ಇಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಷ್ ಘೋಷ್ ಅವರ ತಂಡ ಹಿಡಿದಿರುವ ದಾರಿ ಬೇರೆ. ಅವರ ಕಣ ತಿರುಪುಮೊಳೆಯ ಆಕಾರದ್ದು. ತಿರುಗುವ ಕಾಂತಕ್ಷೇತ್ರದಲ್ಲಿ ತಾನೂ ತಿರುಗುತ್ತ ಮುಂದೆ ಸಾಗುತ್ತದೆ, ಇಂಧನವೇ ಬೇಡ. 2018ರಲ್ಲಿ ಸೌವಿಕ್ ಘೋಷ್ ಮತ್ತು ಅಂಬರೀಷ್ ಘೋಷ್ ಆ ತಿರುಪಿಗೆ ಬೆಳ್ಳಿಯ ಅತಿಸಣ್ಣ ಕಣಗಳನ್ನು ಸೇರಿಸಿದರು. ಅಲ್ಲಿ ಬೆಳಕಿಗೆ ಬೇರೆ ಕೆಲಸ. ಓಡಿಸುವುದು ಕಾಂತ, ದಾರಿಯಲ್ಲಿ ಸಿಕ್ಕ ಸೂಕ್ಷ್ಮ ವಸ್ತುವನ್ನು ಚಿಮಟದಂತೆ ಹಿಡಿಯುವುದು, ಬಿಡುವುದು ಬೆಳಕು.