ಒಂದೇ ವರ್ಷದಲ್ಲಿ ಇಮ್ಮಡಿ

ಉತ್ತರ ಅಮೆರಿಕದಲ್ಲಿ 1993ರಲ್ಲಿ ‘ರೋಲರ್ ಹಾಕಿ ಇಂಟರ್‌ನ್ಯಾಷನಲ್’ ಎಂಬ ವೃತ್ತಿಪರ ಲೀಗ್ ಆರಂಭವಾಯಿತು. ಕಾಲಿಗೆ ಚಕ್ರದ ಸ್ಕೇಟು, ಗೋಲಿ ಸೇರಿ ಅಂಕಣದಲ್ಲಿ ಐವರು. ಐಸ್ ಹಾಕಿಗೆ ಬಿಡುವಿರುವ ಬೇಸಿಗೆಯನ್ನು ಆರಿಸಿಕೊಂಡದ್ದು ಜಾಣತನವೇ. ಮೊದಲ ಋತುವಿನಲ್ಲಿ 12 ತಂಡಗಳು. ಮರ್ಫಿ ಕಪ್ ಅನಾಹೈಮ್ ಬುಲ್‌ಫ್ರಾಗ್ಸ್ ಪಾಲಾಯಿತು. ಮರುವರ್ಷವೇ ತಂಡಗಳು 24! 1998ರಲ್ಲಿ ಪಂದ್ಯಾವಳಿಯೇ ನಡೆಯಲಿಲ್ಲ. 1999ರಲ್ಲಿ ಕೊನೆಯ ಬಾರಿ ಆಡಿ ಲೀಗ್ ಮುಚ್ಚಿತು.

ಆತುರದ ವಿಸ್ತರಣೆಯೇ ಮುಳುವಾಯಿತೆಂಬುದು ನನ್ನ ಅಭಿಪ್ರಾಯ. ಊರಿನವರು ಒಂದು ತಂಡವನ್ನು ತಮ್ಮದೆನ್ನಲು ಕಾಲ ಬೇಕು. ಟೊರಾಂಟೊ ಪ್ಲಾನೆಟ್ಸ್ ಆಡಿದ್ದು 1993ರ ಒಂದೇ ಋತು. ಮರುಬೇಸಿಗೆಯಲ್ಲಿ ಅಲ್ಲಿನ ಬಾಲಕ ಯಾರಿಗಾಗಿ ಚಪ್ಪಾಳೆ ತಟ್ಟಬೇಕಿತ್ತು? ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಶಾಲೆಯನ್ನೋ ಕ್ರೀಡಾಸಂಘವನ್ನೋ ಕಟ್ಟುತ್ತಿರುವವರು ಹಾಸಿಗೆಯಿದ್ದಷ್ಟೇ ಕಾಲು ಚಾಚಿರಿ. ಕೂಸು ನಿಲ್ಲುವ ಮೊದಲೇ ಓಡಿಸಬೇಡಿರಿ. ಬಿದ್ದಾಗ ನೋಯುವುದು ಓಡಿಸಿದವರಿಗಲ್ಲ.