ರೊಟ್ಟಿ ಮೊದಲು, ಬೆಲ್ಲ ಆಮೇಲೆ

ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ನಾಡಗೀತೆ ಮುಗಿಯುವ ಮೊದಲೇ ತಲೆ ಹಿಡಿದುಕೊಂಡು ಕುಳಿತುಬಿಟ್ಟಳು. ನೆರಳಿಗೆ ಕರೆದೊಯ್ದು, ನೀರು ಕುಡಿಸಿ ಕೇಳಿದೆ.

"ಏನ್ ತಿಂದು ಬಂದೀಯವ್ವಾ?"

"ಚಾ ಕುಡದು ಬಂದೀನ್ರಿ ಸರ್. ಎರಡು ಬಿಸ್ಕಿಟ್ ತಿಂದೀನಿ."

"ಮನ್ಯಾಗ ಬ್ಯಾರೆ ಏನೂ ಇರಲಿಲ್ಲೇನು?"

"ರೊಟ್ಟಿ ಇದ್ದುವ್ರಿ. ನಾಷ್ಟಾ ಮಾಡಿರಲಿಲ್ರಿ."

ರೊಟ್ಟಿ ಇತ್ತು, ನಾಷ್ಟಾ ಇರಲಿಲ್ಲ! ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಗೆಳೆಯರೇ, ನಮ್ಮ ಹಟ್ಟಿಯಲ್ಲಿ ಎಷ್ಟೋ ಮನೆಗಳ ಗಂಡಸರು ಚಿನ್ನದ ಗಣಿಯ ಮೊದಲ ಪಾಳಿಗೆ ನಸುಕಿನಲ್ಲೇ ಹೊರಡುತ್ತಾರೆ. ಸುತ್ತಲಿನ ಊರುಗಳಲ್ಲಿ ತಾಯಂದಿರು ಹೊಲದ ಕೂಲಿಗೆ ಹೋಗುವುದೂ ಬೇಗನೆ. ಮಕ್ಕಳಿಗಾಗಿ ಒಲೆ ಮುಂದೆ ಕುಳಿತು ಉಪ್ಪಿಟ್ಟು, ದೋಸೆ ಮಾಡಲು ಯಾರಿಗೂ ಪುರಸೊತ್ತಿಲ್ಲ. ಆಗ ಕೈಗೆ ಸಿಗುವುದು ಚಹಾ, ಬಿಸ್ಕಿಟ್. ಆದರೆ ಅದೇ ಅಡುಗೆಮನೆಯ ಬುಟ್ಟಿಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಖಡಕ್ ರೊಟ್ಟಿ ಕೂಡ ಇರುತ್ತದೆ. ಅದನ್ನು ನಾಷ್ಟಾ ಎಂದು ಯಾರೂ ಕರೆಯುವುದಿಲ್ಲ, ಅಷ್ಟೆ.

ನನ್ನ ಅಭಿಪ್ರಾಯ ಕೇಳುವಿರಾದರೆ, ನಮ್ಮ ಭಾಗದಲ್ಲಿ ಐದು ನಿಮಿಷದೊಳಗೆ ಆಗುವ ಒಳ್ಳೆಯ ನಾಷ್ಟಾ ಅದೇ. ಎರಡು ಸಜ್ಜೆ ರೊಟ್ಟಿಯನ್ನು ಕೈಯಿಂದ ಪುಡಿ ಮಾಡಿ. ಒಂದು ಮುಷ್ಟಿ ಹುರಿದ ಶೇಂಗಾ ಜಜ್ಜಿ ಹಾಕಿ. ಅಡಿಕೆ ಗಾತ್ರದ ಬೆಲ್ಲದ ತುಂಡು ಹೆರೆದು ಬೆರೆಸಿ. ಹಾಲಿದ್ದರೆ ಅರ್ಧ ಲೋಟ ಸುರಿಯಿರಿ, ಇಲ್ಲದಿದ್ದರೆ ಹಾಗೆಯೇ ಉಂಡೆ ಕಟ್ಟಿಕೊಳ್ಳಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಇದೇನು ನಾನು ಕಂಡುಹಿಡಿದದ್ದಲ್ಲ. ಜಾತ್ರೆ, ಮದುವೆಗಳಲ್ಲಿ ಮಾದಲಿ ತಿಂದಿದ್ದೀರಿ. ಮೊಹರಂನಲ್ಲಿ ಮಲೀದಾ ತಿಂದಿದ್ದೀರಿ. ಎಲ್ಲವೂ ಧಾನ್ಯದ ರೊಟ್ಟಿ ಇಲ್ಲವೆ ಚಪಾತಿಗೆ ಬೆಲ್ಲ ಕೂಡಿಸಿದ ತಿನಿಸುಗಳೇ. ಹಬ್ಬದ ದಿನ ಕೈಯೊಡ್ಡಿ ಬೇಡಿ ತಿನ್ನುವುದನ್ನು ಸೋಮವಾರ ಬೆಳಿಗ್ಗೆ ತಿನ್ನಲು ನಾಚಿಕೆ ಯಾಕೆ?

ನಾಚಿಕೆ ಇದೆ, ನನಗೆ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಕಡೆಯ ಹೊಲಗಳು ಭತ್ತದ ಗದ್ದೆಗಳಾದವು. ಬಿಳಿ ಅನ್ನ ಉಣ್ಣುವವರು ಉಳ್ಳವರು, ಕಪ್ಪು ಸಜ್ಜೆ ರೊಟ್ಟಿ ತಿನ್ನುವವರು ಇಲ್ಲದವರು ಎಂಬ ಭಾವನೆಯೂ ಬೆಳೆಯಿತು. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ ಕಬ್ಬಿಣವಿದೆ. ಜೋಳದಲ್ಲಿ ಸುಮಾರು 4 ಮಿಲಿಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ!

ಕಬ್ಬಿಣದ ಮಾತು ಯಾಕೆ ಎತ್ತಿದೆ? ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಅದು ಕಡಿಮೆಯಾದರೆ ದೇಹದ ಮೂಲೆಮೂಲೆಗೆ ಆಮ್ಲಜನಕ ಸಾಕಷ್ಟು ತಲುಪುವುದಿಲ್ಲ. ಓಡಿದರೆ ಏದುಸಿರು, ಪಾಠ ಕೇಳುವಾಗ ತೂಕಡಿಕೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಅಂದಿನ ಆ ಪುಟ್ಟ ಮಕ್ಕಳು ಈಗ ಶಾಲೆಗೆ ಬರುತ್ತಿದ್ದಾರೆ.

"ಹಾಗಾದರೆ ಬೆಲ್ಲ ತಿಂದರಾಯಿತು, ಬೆಲ್ಲದಲ್ಲಿ ಕಬ್ಬಿಣ ಇದೆ ಎಂದು ಅಜ್ಜಿ ಹೇಳುತ್ತಾಳೆ" ಎನ್ನುವಿರಿ. ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಎಷ್ಟಿದೆ? 100 ಗ್ರಾಂ ಬೆಲ್ಲದಲ್ಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ. 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ, ಹುಡುಗಿಗೆ 28 ಮಿಲಿಗ್ರಾಂ ಕಬ್ಬಿಣ ಬೇಕು. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ. ಬರೀ ಬೆಲ್ಲದಿಂದಲೇ ಪಡೆಯಬೇಕೆಂದರೆ ಹುಡುಗ ಮುನ್ನೂರೈವತ್ತು ಗ್ರಾಂ, ಹುಡುಗಿ ಅರ್ಧ ಕಿಲೋಗಿಂತ ಹೆಚ್ಚು ಬೆಲ್ಲ ತಿನ್ನಬೇಕು! ನಮ್ಮ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ ಚಿನ್ನ ಸಿಗುತ್ತದೆ. ಬೆಲ್ಲದಲ್ಲಿ ಕಬ್ಬಿಣ ಹುಡುಕುವುದೂ ಹಾಗೆಯೇ. ಚಿನ್ನಕ್ಕಾಗಿ ಅಷ್ಟು ಕಲ್ಲು ಅರೆಯಬಹುದು, ಆದರೆ ಅಷ್ಟು ಬೆಲ್ಲವನ್ನು ನಿಮ್ಮ ಹೊಟ್ಟೆ ಅರೆಯಬೇಕಾಗಿಲ್ಲ.

ಯಾಕೆಂದರೆ ಬೆಲ್ಲದ ಬಹುಪಾಲು ಸುಕ್ರೋಸ್. ಸಕ್ಕರೆ ಡಬ್ಬಿಯಲ್ಲಿರುವುದೂ ಅದೇ. ಎರಡೂ ಕಬ್ಬಿನ ಹಾಲಿನ ಮಕ್ಕಳು. ಒಂದನ್ನು ಹೆಚ್ಚು ಶುದ್ಧಿ ಮಾಡಿದ್ದಾರೆ, ಇನ್ನೊಂದನ್ನು ಕಡಿಮೆ. "ನೈಸರ್ಗಿಕ" ಎಂಬ ಮಾತು ಕೇಳಿ ಮರುಳಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಗಿನಿಂದ ಸೇರಿಸುವ ಸಿಹಿಗೆ ಮಿತಿ ಹೇಳಿದಾಗ ಜೇನುತುಪ್ಪವನ್ನೂ ಅದರಲ್ಲಿ ಸೇರಿಸಿತು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು, ಅಂದರೆ ಐದು ಸಣ್ಣ ಚಮಚೆ. ಬೆಳಿಗ್ಗೆ ಸಂಜೆ ಎರಡು ಕಪ್ ಸಿಹಿ ಚಹಾ ಕುಡಿದರೆ ಅದರ ಬಹುಭಾಗ ಮುಗಿದೇ ಹೋಗುತ್ತದೆ. (ಜೇನಿನ ಮಾತು ಬಂತೆಂದು ಇನ್ನೊಂದು ಹೇಳುತ್ತೇನೆ. ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಜೇನು ನೆಕ್ಕಿಸಲು ಬಿಡಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿಗೆ ಅಪಾಯ ತರುತ್ತದೆ.)

ಹಾಗಾದರೆ ನಾನು ಬೆಲ್ಲ ಯಾಕೆ ಹಾಕಿಸಿದೆ? ರೊಟ್ಟಿ ಗಂಟಲಲ್ಲಿ ಇಳಿಯಲಿ ಎಂದು! ಚೂರು ಸಿಹಿ ಇದ್ದರೆ ಒಣ ರೊಟ್ಟಿಯನ್ನು ಮಕ್ಕಳು ಬಿಡದೆ ತಿನ್ನುತ್ತಾರೆ. ಬೆಲ್ಲದ ಕೆಲಸ ಅಷ್ಟೇ. ಕೊಳ್ಳುವಾಗ ಹಳದಿಯಾಗಿ ಹೊಳೆಯುವ ಅಚ್ಚಿಗಿಂತ ಕಂದು ಬಣ್ಣದ ಅಚ್ಚು ವಾಸಿ. ಹೊಳಪಿಗಾಗಿ ಕೆಲವರು ರಾಸಾಯನಿಕ ಹಾಕುವುದುಂಟು.

ಬೆಲ್ಲವೂ ಇಲ್ಲದೆ ಸಿಹಿ ಬೇಕೆಂದರೆ ಬಾಳೆಹಣ್ಣು ಕಿವುಚಿ ರೊಟ್ಟಿಪುಡಿಗೆ ಕಲಸಿ. ಹಣ್ಣಿನೊಳಗಿನ ಸಕ್ಕರೆ ನಾರಿನ ಜೊತೆಗಿರುವುದರಿಂದ ಮೇಲೆ ಹೇಳಿದ ಮಿತಿಗೆ ಬರುವುದಿಲ್ಲ. ಪೇರಲ ಸಿಕ್ಕರೆ ಬಿಡಲೇಬೇಡಿ. ಸಜ್ಜೆಯಲ್ಲಿ ಫೈಟೇಟ್ ಎಂಬ ವಸ್ತುವಿದೆ, ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಪೂರ್ತಿ ಸಿಗದಂತೆ ಮಾಡುತ್ತದೆ. ಪೇರಲ, ನಿಂಬೆಯಲ್ಲಿರುವ ಸಿ ಜೀವಸತ್ವ ಅದನ್ನು ಬಿಡಿಸಿಕೊಡುತ್ತದೆ. ರಾತ್ರಿ ಹುಳಿಬರಿಸಿದ ಅಂಬಲಿಯಲ್ಲೂ ಫೈಟೇಟ್ ಕಡಿಮೆಯಾಗುತ್ತದೆ. ಓಡುವ ಅವಸರವಿದ್ದರೆ ಪುಟಾಣಿ, ಶೇಂಗಾ ಜೇಬಿಗೆ ಹಾಕಿಕೊಂಡು ಹೊರಡಿ.

ರೊಟ್ಟಿಯಿಂದ ನಿಜಕ್ಕೂ ರಕ್ತ ಸುಧಾರಿಸುತ್ತದೆಯೇ ಎಂಬ ಅನುಮಾನ ಬರಬಹುದು. ಪಟಾನ್‌ಚೆರುವಿನ ಇಕ್ರಿಸಾಟ್ ಮತ್ತು ರಾಹುರಿಯ ಕೃಷಿ ವಿಶ್ವವಿದ್ಯಾಲಯ ಸೇರಿ ಹೆಚ್ಚು ಕಬ್ಬಿಣವಿರುವ ಸಜ್ಜೆ ತಳಿಯನ್ನು ಬೆಳೆಸಿದವು. 'ಧನಶಕ್ತಿ' ಹೆಸರಿನ ಅದು 2012ರಲ್ಲಿ ಮಹಾರಾಷ್ಟ್ರದ ರೈತರ ಕೈಸೇರಿತು. ಅಲ್ಲಿಯೇ 12ರಿಂದ 16 ವರ್ಷದ ಶಾಲಾಮಕ್ಕಳಿಗೆ ಹೆಚ್ಚು ಕಬ್ಬಿಣದ ಸಜ್ಜೆಯ ಭಾಕ್ರಿಯನ್ನು ದಿನಕ್ಕೆ ಎರಡು ಹೊತ್ತು ಕೊಟ್ಟು ನೋಡಿದರು. ನಾಲ್ಕು ತಿಂಗಳಲ್ಲಿ ಮಕ್ಕಳ ದೇಹದ ಕಬ್ಬಿಣದ ದಾಸ್ತಾನು ಏರಿತ್ತು. ಭಾಕ್ರಿ ಎಂದರೆ ನಮ್ಮ ರೊಟ್ಟಿಯೇ.

ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಬಂತು, 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಎರಡೂ ಒಳ್ಳೆಯವು. ಸುಣ್ಣದ ಅಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ. ಆದರೆ ನಮ್ಮ ರಾಯಚೂರು ಸೀಮೆಯ ಶಾಲೆಗಳಿಗೆ ವಾರದಲ್ಲಿ ಒಂದು ದಿನವಾದರೂ ನಮ್ಮ ಹೊಲದ ಸಜ್ಜೆಯ ಗಂಜಿ ಬರಲಿ ಎಂಬುದು ನನ್ನ ಆಸೆ. ಒಂದು ತೊಡಕಿದೆ. ಸಜ್ಜೆಯಲ್ಲಿ ಎಣ್ಣೆಯ ಅಂಶ ಹೆಚ್ಚು, ಬೀಸಿಟ್ಟ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಮನೆಯಲ್ಲೂ ಹಾಗೆಯೇ, ಗಿರಣಿಗೆ ಸ್ವಲ್ಪಸ್ವಲ್ಪವೇ ಒಯ್ಯಬೇಕು.

ಇನ್ನು ಚಹಾ. ಅದರಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ಸೇರಲು ಬಿಡುವುದಿಲ್ಲ. ರೊಟ್ಟಿ ತಿಂದ ತಕ್ಷಣ ಚಹಾ ಕುಡಿದರೆ ಸಜ್ಜೆಯ ಅರ್ಧ ಶ್ರಮ ನೀರುಪಾಲು. ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷಿಸಿ. ಹಾಲು, ಸಕ್ಕರೆ ಹಾಕದ ಚಹಾ ಡಿಕಾಕ್ಷನ್ ಅನ್ನು ಎರಡು ಗಾಜಿನ ಲೋಟಗಳಿಗೆ ಸಮನಾಗಿ ಹಾಕಿ. ಒಂದರಲ್ಲಿ ಮಾತ್ರ ತುಕ್ಕು ಹಿಡಿದ ನಾಲ್ಕು ಮೊಳೆ ಬಿಡಿ. ಮಾರನೆಯ ದಿನ ಎರಡನ್ನೂ ಬಿಳಿ ಹಾಳೆಯ ಮುಂದೆ ಇಟ್ಟು ಹೋಲಿಸಿ. ಕುಡಿಯಬೇಡಿ. ಯಾವ ಲೋಟದ ಬಣ್ಣ ಹೇಗೆ ಬದಲಾಯಿತು, ಆ ಬಣ್ಣದಿಂದ ಕಡ್ಡಿ ಅದ್ದಿ ಬರೆಯಲು ಆಗುತ್ತದೆಯೇ ಎಂಬುದನ್ನು ನೋಡಿ, ನಿಮ್ಮ ವಿಜ್ಞಾನ ಗುರುಗಳಿಗೆ ತೋರಿಸಿ, ನಮಗೂ ಬರೆದು ಕಳಿಸಿ.