ಮಲತಾಯಿ ಬಂದರೆ ಮಕ್ಕಳ ಬಾಳು ಹಾಳಾಗುತ್ತದೆಯೇ?

ಸರ್ಕಾರ ಅನುದಾನ ಕೊಡದಿದ್ದರೂ ನಾವು ದೂರುವುದು ‘ಮಲತಾಯಿ ಧೋರಣೆ’ ಎಂದೇ. ಧ್ರುವನ ಕಥೆಯ ಸುರುಚಿಯಂಥವರು ಈ ನಂಬಿಕೆಯನ್ನು ಗಟ್ಟಿ ಮಾಡಿದ್ದಾರೆ. ಅಧ್ಯಯನಗಳು ಹೇಳುವುದೇನು?

ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಸುಮಾರು 1,400 ಕುಟುಂಬಗಳನ್ನು ದಶಕಗಳ ಕಾಲ ಗಮನಿಸಿ, 2002ರಲ್ಲಿ ಪುಸ್ತಕ ಪ್ರಕಟಿಸಿದರು. ವಿಚ್ಛೇದನ, ಮರುಮದುವೆ ಕಂಡ ಮನೆಗಳಲ್ಲಿ ಶೇ 20ರಿಂದ 25ರಷ್ಟು ಮಕ್ಕಳಿಗೆ ಗಂಭೀರ ತೊಂದರೆಗಳಿದ್ದವು. ಹೆತ್ತವರಿಬ್ಬರೂ ಜೊತೆಗಿದ್ದ ಮನೆಗಳಲ್ಲಿ ಶೇ 10. ಅಪಾಯ ನಿಜ. ಆದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಬೆಳೆದರು.

ಮಕ್ಕಳನ್ನು ಕುಗ್ಗಿಸುವುದು ‘ಮಲ’ ಎಂಬ ಸಂಬಂಧವಲ್ಲ. ದೊಡ್ಡವರ ಜಗಳ, ಹಣದ ಅಡಚಣೆ, ಪದೇಪದೇ ಊರು-ಶಾಲೆ ಬದಲಾಗುವುದು. ಬಂದ ಕೂಡಲೇ ಶಿಸ್ತು ಹೇರಿದರೆ ಹದಿಹರೆಯದವರು ತಿರುಗಿ ಬೀಳುತ್ತಾರೆ. ಮೊದಮೊದಲು ಗದರುವ ಕೆಲಸ ಹೆತ್ತವರದೇ ಇರಲಿ, ಹೊಸಬರು ಮೊದಲು ಸ್ನೇಹ ಗಳಿಸಲಿ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಂಥ ತೆಂಗಿನ ಸೀಮೆಯ ಊರುಗಳಲ್ಲಿ ಇನ್ನೊಂದು ಆತಂಕವಿದೆ: ತೋಟ ಯಾರ ಪಾಲಿಗೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಮೊದಲ ಮದುವೆಯ ಮಕ್ಕಳಿಗೂ ಎರಡನೆಯ ಮದುವೆಯ ಮಕ್ಕಳಿಗೂ, ಹೆಣ್ಣು ಗಂಡೆನ್ನದೆ, ಸಮಪಾಲು. ಮರುಮದುವೆಗೆ ಮೊದಲೇ ಇದನ್ನು ಮನೆಯಲ್ಲಿ ಬಿಚ್ಚಿ ಮಾತಾಡಿದರೆ ಜಗಳದ ಒಂದು ಬೇರು ಸಡಿಲವಾಗುತ್ತದೆ.